ಎರಡನೇ ಹೊಲಿಗೆ

ಪುಟ್ಟೇನಹಳ್ಳಿ, ಯಲಹಂಕ
10 ನವೆಂಬರ್ 2024

ರಿಯಾಜ್,

ಫೋನ್ ಮಾಡಿದರೆ ನಿನ್ನ ನಂಬರು ಒಂದೇ ಸಲ ರಿಂಗಾಗಿ ನಿಂತುಹೋಗುತ್ತದೆ. ವಾಟ್ಸಾಪ್‌ನಲ್ಲಿ ನಿನ್ನ ಫೋಟೋ ಇದ್ದ ಜಾಗದಲ್ಲಿ ಒಂದು ಬೂದು ತಲೆ ಕೂತಿದೆ. ಬ್ಲಾಕ್ ಮಾಡಿದ್ದೀಯ ಎಂದು ತಿಳಿದುಕೊಳ್ಳುವಷ್ಟು ಬುದ್ಧಿ ನನಗಿದೆ, ತಿಳಿದ ಮೇಲೆ ಸುಮ್ಮನಿರುವಷ್ಟು ಇಲ್ಲ. ಅದಕ್ಕೇ ಈ ಕಾಗದ. ಇದನ್ನು ತಡೆಯಬೇಕಾದರೆ ನೀನು ಪೋಸ್ಟ್‌ಮ್ಯಾನ್‌ನನ್ನೇ ಹಿಡಿದು ನಿಲ್ಲಿಸಬೇಕು.

ಅಲ್ಲದೆ ನಾವಿಬ್ಬರು ಕೆಲಸ ಮಾಡಿದ್ದೇ ಕಾಗದದಲ್ಲಿ. ಹನ್ನೊಂದು ವರ್ಷ, ಮೂರು ಸಿನಿಮಾ, ಸ್ಕ್ರಿಪ್ಟ್ ಅನ್ನುವುದೇ ಇಲ್ಲ. ದೃಶ್ಯಕ್ಕೊಂದು ಪತ್ರ. ಯಾರು ಕೂತಿದ್ದಾರೆ, ಕೈಯಲ್ಲಿ ಏನು ಕೆಲಸ, ತಲೆಯಲ್ಲಿ ಏನು ಓಡುತ್ತಿದೆ ಎಂದು ನಾನು ಬರೆಯುತ್ತಿದ್ದೆ. ನೀನು ನಿನ್ನ ನೀಲಿ ಗೆರೆಯ ಪ್ಯಾಡಿನಲ್ಲಿ, ಮೇಲೊಂದು ನಂಬರ್ ಹಾಕಿ, ನಿನಗೆ ಕಂಡದ್ದನ್ನು ಬರೆದು ಕಳಿಸುತ್ತಿದ್ದೆ. ಕೆಲವು ಸಲ ನಾನು ಕೇಳದೇ ಇದ್ದ ದೃಶ್ಯವೂ ಬರುತ್ತಿತ್ತು. ಕ್ಯಾಮೆರಾ ಎಲ್ಲಿಡಬೇಕು ಎಂದು ಮಾತ್ರ ಇಬ್ಬರೂ ಬರೆಯುವಂತಿರಲಿಲ್ಲ.

ಅಬ್ಬಿಗೆರೆಯ ಯಲ್ಲಮ್ಮ ನೆನಪಿದ್ದಾಳಾ? ಮೊದಲ ಸಿನಿಮಾ. ಅಗರಬತ್ತಿ ಹೊಸೆಯುತ್ತಾ ಕೂತಳು, ಬುಟ್ಟಿ ತುಂಬುವವರೆಗೆ ನೀನು ಕ್ಯಾಮೆರಾ ನಿಲ್ಲಿಸಲಿಲ್ಲ. ಇಪ್ಪತ್ತೆರಡು ನಿಮಿಷ. ಯಶವಂತಪುರದ ಹಾಲ್‌ನಲ್ಲಿ ಒಬ್ಬ ಎದ್ದು, "ಲೋ, ಪಿಕ್ಚರ್ ಸ್ಟ್ರಕ್ ಆಗಿದೆ, ಯಾರಾದ್ರೂ ಹೋಗಿ ಹೇಳ್ರೋ" ಎಂದು ಕೂಗಿದ್ದ. ಅವತ್ತು ನಕ್ಕಷ್ಟು ನಾವು ಮತ್ತೆ ನಕ್ಕಿಲ್ಲ. ಈಗ ಅದೇ ಇಪ್ಪತ್ತೆರಡು ನಿಮಿಷವನ್ನು ಹೊರದೇಶದಲ್ಲಿ ಪಾಠ ಮಾಡುತ್ತಾರೆ. ಕೈಯ ಕೆಲಸ ಮುಗಿಯುವ ತನಕ ಸಂಯುಕ್ತಾಳ ಕ್ಯಾಮೆರಾ ನಿಲ್ಲುವುದಿಲ್ಲ ಎಂದು ಬರೆಯುತ್ತಾರೆ. ನಾನು ಮಾತ್ರ ಒಂದು ಕಡೆ ಹತ್ತು ನಿಮಿಷ ಕೂರುವವಳಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ. ಈ ಪತ್ರವನ್ನೂ ಅರ್ಧ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಬರೆದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮೂರನೇ ಸಿನಿಮಾ ಮಾರ್ಚ್ 21ಕ್ಕೆ ಆನ್‌ಲೈನ್‌ನಲ್ಲಿ ಬರುತ್ತಿದೆ. ಇಷ್ಟು ದಿನ ಉತ್ಸವಗಳಲ್ಲಿ ಐನೂರು ಜನ ನೋಡಿದ್ದನ್ನು ಇನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಛಾಯಾಗ್ರಾಹಕ ಎಂದು ನಿನ್ನ ಹೆಸರೇ ಮೊದಲು ಬರುತ್ತದೆ. ಕೊನೆಯ ಭಾಗ ಉಮೇಶ್ ತೆಗೆದಿದ್ದರೂ ಅವನದು ಆಮೇಲೆ. ನಾಲ್ಕನೆಯದನ್ನು ನೀನೇ ತೆಗೆಯಬೇಕು. ಕಳೆದ ವರ್ಷ ಜುಲೈನಲ್ಲಿ ಯಲಹಂಕದ ಷೋನಲ್ಲಿ ನಿಮ್ಮ ತಂದೆಯನ್ನು ಕರೆದುಕೊಂಡು ಮಧ್ಯದಲ್ಲೇ ಎದ್ದುಹೋದೆ. ನಮಾಜಿಗೆ ಹೊತ್ತಾಯಿತೇನೋ ಅಂದುಕೊಂಡೆ. ಆಮೇಲೆ ನೀನು ಮಾತೇ ಆಡಲಿಲ್ಲ. ಏನಾಯಿತು?

ಸಂಯುಕ್ತಾ


ಸುಲ್ತಾನ್‌ಪಾಳ್ಯ, ಆರ್.ಟಿ. ನಗರ
2 ಡಿಸೆಂಬರ್ 2024

ಸಂಯುಕ್ತಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನಲವತ್ತೇಳನೇ ದೃಶ್ಯವನ್ನು ಸಿನಿಮಾದಿಂದ ತೆಗೆದುಹಾಕಿ. ಪೂರ್ತಿ ಏಳು ನಿಮಿಷ. ಅದು ಆನ್‌ಲೈನ್‌ನಲ್ಲಿ ಬರಬಾರದು.

ನನ್ನ ಹೆಸರನ್ನೂ ತೆಗೆಯಿರಿ. ನಾಲ್ಕನೇ ಸಿನಿಮಾಕ್ಕೆ ಉಮೇಶ್ ಇದ್ದಾನೆ. ನಾನೀಗ ಮದುವೆಗಳಿಗೆ ಹೋಗುತ್ತೇನೆ. ಅಲ್ಲಿ ಕ್ಯಾಮೆರಾ ಯಾವಾಗ ನಿಲ್ಲಿಸಬೇಕೆಂದು ಪುರೋಹಿತರೇ ಹೇಳುತ್ತಾರೆ, ಸುಖವಾಗಿದೆ.

ರಿಯಾಜ್


ಪುಟ್ಟೇನಹಳ್ಳಿ
8 ಡಿಸೆಂಬರ್ 2024

ರಿಯಾಜ್ ಅವರೇ, ಅನ್ನಲೇ? ಹನ್ನೊಂದು ವರ್ಷ "ಡೈರೆಕ್ಟ್ರೇ, ಟೀ ಕುಡೀತೀಯಾ ಇಲ್ವಾ" ಅನ್ನುತ್ತಿದ್ದವನು ಈಗ ನೀವು, ನಿಮ್ಮ. ಓದಿ ಮೈ ಉರಿಯಿತು. ಮೂರು ಸಲ ಕೆರೆ ಸುತ್ತಿ ಬಂದು ಬರೆಯುತ್ತಿದ್ದೇನೆ, ಇನ್ನೂ ಇಳಿದಿಲ್ಲ.

ನಲವತ್ತೇಳು ತೆಗೆದರೆ ಏನು ಉಳಿಯುತ್ತದೆ ಹೇಳು. ಒಬ್ಬ ಮುದುಕ, ಆಟೋ ಸೀಟು ಹೊಲಿಯುವವನು. ಕೆಳಗೆ ಅಂಗಡಿ, ಮೇಲೆ ಮನೆ. ಮೇಲೆ ಹೆಂಡತಿ ಸಾಯುತ್ತಾ ಮಲಗಿದ್ದಾಳೆ. ಮೆಟ್ಟಿಲು ಕಿರಿದು, ತಿರುವಿನಲ್ಲಿ ಮಂಚವೂ ಇಳಿಯುವುದಿಲ್ಲ, ಹೆಣವೂ ಇಳಿಯುವುದಿಲ್ಲ. ಎದುರುಮನೆಯವರು ತಮ್ಮ ತಾಯಿಯನ್ನು ತಿರುವಿನಲ್ಲಿ ನೆಟ್ಟಗೆ ನಿಲ್ಲಿಸಿ ಇಳಿಸಿದ್ದನ್ನು ಅವನು ಕಂಡಿದ್ದಾನೆ. ಅದಕ್ಕೇ ಹೆಂಡತಿ ಬದುಕಿರುವಾಗಲೇ, ಅವಳನ್ನು ಹೊತ್ತು ಇಳಿಸಲೆಂದು, ರೆಕ್ಸಿನ್‌ನಲ್ಲಿ ಆರು ಹಿಡಿಕೆಯ ಜೋಲಿ ಹೊಲಿಯುತ್ತಾನೆ. ಏನು ಹೊಲೀತಿದ್ದೀರಿ ಎಂದು ಅವಳು ಮೇಲಿನಿಂದ ಕೇಳಿದರೆ ಆಟೋ ಸೀಟು ಅನ್ನುತ್ತಾನೆ. ಅವಳು ಪಕ್ಕದಲ್ಲಿ ಕೂತ ಮಗನಿಗೆ ಹೇಳುತ್ತಾಳೆ: "ಆಟೋ ಸೀಟಂತೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಹಾಗೇ ಅಂದ್ಕೊಂಡಿರ್ಲಿ ಬಿಡು." ಇಡೀ ಸಿನಿಮಾ ಆ ಮಾತಿಗೆ ಬಂದು ಸೇರುತ್ತದೆ. ಅದನ್ನು ಕಿತ್ತರೆ ಉಳಿಯುವುದು ಬರೀ ಮೆಟ್ಟಿಲು.

ಹೌದು, ಅದು ನಿಮ್ಮ ಮನೆಯದು. ನಾನು ಅಲ್ಲವೆಂದೆನೇ? ನೀನೇ ಬರೆದು ಕಳಿಸಿದ್ದು. ಅದೇ ನೀಲಿ ಗೆರೆಯ ಹಾಳೆ, ಮೇಲೆ ನಿನ್ನದೇ ಕೈಬರಹದಲ್ಲಿ 47. ನಂಬರ್ ಹಾಕಿದ್ದೆಲ್ಲ ಸಿನಿಮಾದ್ದು ಎಂದು ನಾವಿಬ್ಬರೇ ಮಾಡಿಕೊಂಡ ಕರಾರು. ಯಲ್ಲಮ್ಮನ ದೃಶ್ಯದಲ್ಲಿ ನನ್ನ ಅಜ್ಜಿಯನ್ನು ಹಾಕಿರಲಿಲ್ಲವೇ ನಾನು? ಎರಡನೆಯದರಲ್ಲಿ ನನ್ನ ಮುರಿದ ಮದುವೆ ಪೂರ್ತಿ ಇದೆ. ಆಗ ನೀನು ಒಂದು ಮಾತೂ ಕೇಳಲಿಲ್ಲ, ಫೋಕಸ್ ಸರಿ ಮಾಡಿದೆ, ಅಷ್ಟೇ.

ತೆಗೆಯುವುದಿಲ್ಲ. ನಾನು ಒಮ್ಮೆ ತೋರಿಸಿದ ದೃಶ್ಯವನ್ನು ಇವತ್ತಿನವರೆಗೆ ಕತ್ತರಿಸಿಲ್ಲ.

ಸಂಯುಕ್ತಾ


ಸುಲ್ತಾನ್‌ಪಾಳ್ಯ
5 ಜನವರಿ 2025

ಸಂಯುಕ್ತಾ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿನಗೆ ನಿಜವಾಗಿಯೂ ಗೊತ್ತಿಲ್ಲ ಎಂದು ಈಗ ಅನ್ನಿಸುತ್ತಿದೆ.

ಅಮ್ಮಿ ತೀರಿಕೊಂಡು ಮೂರು ವಾರಕ್ಕೆ ಆ ಪತ್ರ ಬರೆದೆ. ನಾಳೆ ಅವರು ಹೋಗಿ ಎರಡು ವರ್ಷ. ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಕೈಗೆ ಸಿಕ್ಕಿದ್ದು ಆ ಪ್ಯಾಡು. ಹಿಂದಿನ ಹಾಳೆಯಲ್ಲಿ 46 ಇತ್ತು, ಕೈ ತಾನಾಗಿ 47 ಎಂದು ಬರೆಯಿತು. ಹನ್ನೊಂದು ವರ್ಷದ ಅಭ್ಯಾಸ. ಯೋಚನೆ ಮಾಡಿ ಹಾಕಿದ್ದಲ್ಲ.

ಅಮ್ಮಿಗೆ ಹುಷಾರಿಲ್ಲವೆಂದು ನಾನು ಅರ್ಧಕ್ಕೆ ಬಿಟ್ಟುಬಂದಿದ್ದ ಸಿನಿಮಾ ಮುಗಿಯಿತು, ಯಲಹಂಕದಲ್ಲಿ ತೋರಿಸುತ್ತಾರೆ ಎಂದಾಗ ಅಬ್ಬಾಗೆ ನಾನೇ ಹೇಳಿದೆ, ಬನ್ನಿ, ನಿಮ್ಮ ಮಗ ಏನು ಮಾಡುತ್ತಾನೆ ಎಂದು ನೋಡಿ ಅಂತ. ಅವರು ಹಬ್ಬಕ್ಕೆ ಹೊಲಿಸಿದ ಜುಬ್ಬಾ ಹಾಕಿಕೊಂಡು ಬಂದರು. ಹಾಲ್‌ನಲ್ಲಿ ಪಕ್ಕದವನಿಗೆ, "ಕ್ಯಾಮ್ರಾ ನಮ್ ಹುಡುಗಂದು" ಎಂದು ಎರಡು ಸಲ ಹೇಳಿದರು. ಆಮೇಲೆ ಪರದೆಯ ಮೇಲೆ ಮುದುಕನ ಪಾತ್ರದ ನಿನ್ನ ಕೃಷ್ಣಯ್ಯ ಮಷೀನಿನ ಮುಂದೆ ಕೂತ. ರೆಕ್ಸಿನ್ ಎಳೆದ. ನನಗೆ ಅರ್ಥವಾಗುವಷ್ಟರಲ್ಲಿ ಆ ಹೆಂಗಸು ಮಗನ ಕಡೆ ತಿರುಗಿ ಆ ಮಾತು ಹೇಳಿಬಿಟ್ಟಳು.

ಅಬ್ಬಾಗೆ ಅದು ಗೊತ್ತಿರಲಿಲ್ಲ, ಸಂಯುಕ್ತಾ. ಅಮ್ಮಿ ಅದನ್ನು ನನಗೆ ಹೇಳಿದ್ದು, ಅವರಿಗೆ ಹೇಳಬೇಡ ಎಂದೇ ಹೇಳಿದ್ದು. ಹೆಂಡತಿ ಆಟೋ ಸೀಟು ಎಂದು ನಂಬಿಯೇ ಹೋದಳು ಎಂದು ಅವರು ಆರು ತಿಂಗಳು ಸಮಾಧಾನವಾಗಿದ್ದರು. ನಾನು ಕಾಪಾಡಿಕೊಂಡು ಬಂದದ್ದು ಅದೊಂದನ್ನೇ. ಇನ್ನೂರು ಜನರ ನಡುವೆ, ಹಬ್ಬದ ಜುಬ್ಬಾ ಹಾಕಿಕೊಂಡು, ಅವರಿಗೆ ಅದು ಗೊತ್ತಾಯಿತು. ನನ್ನ ಕೈ ಹಿಡಿದು, "ಚಲೋ" ಎಂದು ಎದ್ದರು, ಅಷ್ಟೇ. ಯಲಹಂಕದಿಂದ ಮನೆಯವರೆಗೆ ಆಟೋದಲ್ಲಿ ಸೀಟಿನ ಅಂಚನ್ನು ಬೆರಳಿನಲ್ಲಿ ತಡವುತ್ತಾ ಕೂತಿದ್ದರು.

ಅವತ್ತಿನಿಂದ ಮಷೀನ್ ಮುಟ್ಟಿಲ್ಲ. ಕೇಳಿದರೆ ಮಂಡಿ ನೋವು ಅನ್ನುತ್ತಾರೆ. ಅಂಗಡಿ ತೆಗೆದು ಸುಮ್ಮನೆ ಕೂರುತ್ತಾರೆ. ಹೊಲಿಗೆಗೆ ಬಂದವರನ್ನು ಮುಂದಿನ ಅಂಗಡಿಗೆ ಕಳಿಸುತ್ತಾರೆ.

ಮಾರ್ಚ್‌ನಲ್ಲಿ ಅದು ನಮ್ಮ ಗಲ್ಲಿಯ ಎಲ್ಲರ ಫೋನಿನಲ್ಲಿ ಬರುತ್ತದೆ. ಇನ್ನು ನಿನಗೆ ಬಿಟ್ಟದ್ದು.

ರಿಯಾಜ್


ಯಶವಂತಪುರ ಸ್ಟೇಷನ್, ಒಂದನೇ ಪ್ಲಾಟ್‌ಫಾರ್ಮ್
19 ಜನವರಿ 2025

ರಿಯಾಜ್,

ಎಲ್ಲಿಗೂ ಹೊರಟಿಲ್ಲ. ಮನೆಯಲ್ಲಿ ಕೂರಲಾಗದೆ ಇಲ್ಲಿ ಬಂದು ಕೂತಿದ್ದೇನೆ. ಇಲ್ಲಿ ಯಾರು ಯಾಕೆ ಕೂತಿದ್ದಾರೆಂದು ಯಾರೂ ಕೇಳುವುದಿಲ್ಲ. ನಿನ್ನ ಪತ್ರ ಬಂದು ಎಂಟು ದಿನವಾಯಿತು. ಉತ್ತರವನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ನಾನು ಒಳ್ಳೆಯವಳಾಗಿಯೇ ಕಾಣುತ್ತಿದ್ದೆ. ಅದಕ್ಕೇ ಹರಿದೆ.

ಐದನೆಯದರಲ್ಲಿ ನಿಜ ಬರೆಯುತ್ತೇನೆ. ನಿಮ್ಮ ತಂದೆಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಆ ಪತ್ರ ದೃಶ್ಯವಲ್ಲ ಎಂದು ಗೊತ್ತಿತ್ತು. ಓದುತ್ತಿದ್ದಾಗಲೇ ಗೊತ್ತಾಯಿತು. ನೀನು ದೃಶ್ಯ ಬರೆದರೆ ಕಿಟಕಿ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಎಂದು ಬರೆಯದೆ ಬಿಡುವವನಲ್ಲ. ಅದರಲ್ಲಿ ಬೆಳಕಿನ ಸುದ್ದಿಯೇ ಇರಲಿಲ್ಲ. ಎರಡನೇ ಪುಟದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಹಾಳೆ ತಿರುಗಿಸಿ ಮೇಲಿನ 47 ನೋಡಿದೆ. ನನಗೆ ಖುಷಿಯಾಯಿತು, ರಿಯಾಜ್. ನಂಬರ್ ಇದೆ, ಇನ್ನು ಯಾರನ್ನೂ ಕೇಳಬೇಕಾಗಿಲ್ಲ ಎಂದು ಖುಷಿಯಾಯಿತು. ಒಂದು ಫೋನ್ ಮಾಡಿ, ಇದು ನನಗಾ, ಸಿನಿಮಾಕ್ಕಾ ಎಂದು ಕೇಳಬಹುದಿತ್ತು. ನೀನು ನನಗೆ ಎಂದುಬಿಡುತ್ತೀಯ ಎಂಬ ಭಯಕ್ಕೆ ಕೇಳಲಿಲ್ಲ. ಉಮೇಶನನ್ನು ಕರೆದು ನಾಲ್ಕೇ ದಿನದಲ್ಲಿ ತೆಗೆದುಬಿಟ್ಟೆ.

ಮೊನ್ನೆ ಎಡಿಟಿಂಗ್‌ನಲ್ಲಿ ಕೂತು ಆ ಏಳು ನಿಮಿಷ ತೆಗೆದು ನೋಡಿದೆ. ಸಿನಿಮಾ ಕುಂಟುತ್ತದೆ. ಮತ್ತೆ ಹಾಕಿದೆ, ನಡೆಯಿತು. ತೆಗೆದೆ, ಹಾಕಿದೆ. ಎಡಿಟರ್ ಊಟಕ್ಕೆ ಹೋಗಿ ಬಂದ, ನಾನು ಅಲ್ಲೇ ಇದ್ದೆ. ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡ ಮೇಲೂ ಕೈ ಬರುತ್ತಿಲ್ಲ, ನೋಡು ನನ್ನ ಯೋಗ್ಯತೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ, ಮುಂದೆಯೂ ಮಾಡಲಾರೆ ಎಂಬ ಹೆದರಿಕೆಯೂ ಇದೆ.

ನಿಮ್ಮ ತಂದೆಯನ್ನು, ಚಾಚಾರನ್ನು, ಒಂದು ಸಲ ನೋಡಬೇಕು. ಬರಲಾ?

ಸಂಯುಕ್ತಾ


ಸುಲ್ತಾನ್‌ಪಾಳ್ಯ
2 ಫೆಬ್ರವರಿ 2025

ಬರಬೇಡ. ನಿಜ ಬರೆದಿದ್ದೀಯ, ಅದಕ್ಕೆ ಈ ಕಾರ್ಡು ಹಾಕುತ್ತಿದ್ದೇನೆ. ಆದರೆ ನೀನು ಬಂದು ಅತ್ತರೆ ಅವರು ನಿನಗೆ ಸಮಾಧಾನ ಹೇಳುತ್ತಾರೆ. ಆ ಕೆಲಸವೂ ಅವರ ಮೇಲೆ ಬೇಡ.

ರಿಯಾಜ್


ಪುಟ್ಟೇನಹಳ್ಳಿ
12 ಮಾರ್ಚ್ 2025

ರಿಯಾಜ್,

ಬೈಯುವುದಾದರೆ ಪೂರ್ತಿ ಓದಿ ಬೈಯಿ. ಹೋಗಿದ್ದೆ.

ಹೋಗುವ ಮುಂಚೆ ಮಾಡಬೇಕಾದ್ದನ್ನು ಮಾಡಿಯೇ ಹೋದೆ. ಆ ಏಳು ನಿಮಿಷ ತೆಗೆದೆ. ಆನ್‌ಲೈನ್‌ನವರಿಗೆ ಹೇಳಿದೆ. ಆ ದೃಶ್ಯ ಇಲ್ಲದಿದ್ದರೆ ಸಿನಿಮಾವೇ ಬೇಡ ಅಂದರು. ಸರಿ, ಬೇಡ ಅಂದೆ. 21ನೇ ತಾರೀಖು ಏನೂ ಬರುವುದಿಲ್ಲ. ಉತ್ಸವಗಳಲ್ಲಿದ್ದ ಪ್ರತಿಗಳನ್ನೂ ವಾಪಸ್ ತರಿಸಿದ್ದೇನೆ. ಇದಕ್ಕೆ ನೀನು ಥ್ಯಾಂಕ್ಸ್ ಹೇಳಿದರೆ ಹೊಡೆಯುತ್ತೇನೆ.

ನೀನು ದೊಡ್ಡಬಳ್ಳಾಪುರದ ಮದುವೆಗೆ ಹೋಗಿದ್ದೆಯಂತೆ. ಮಧ್ಯಾಹ್ನ ಮೂರು ಗಂಟೆ. ಚಾಚಾ ಅಂಗಡಿಯಲ್ಲಿ ಮಷೀನಿಗೆ ಬೆನ್ನು ಹಾಕಿ ಕೂತಿದ್ದರು. ರಂಜಾನಿನ ರೋಜಾ ಇದ್ದುದರಿಂದ ತುಟಿ ಒಣಗಿತ್ತು. ಆದರೂ ನನ್ನನ್ನು ಕಂಡ ಕೂಡಲೇ ಎದುರಿನ ಹೋಟೆಲಿಗೆ ಕೈ ಮಾಡಿ ಟೀ ಹೇಳಿದರು. ನಾನು ಬೇಡ ಎಂದರೆ, "ನಂದು ಉಪವಾಸ, ನಿಂದಲ್ವಲ್ಲ. ಕುಡಿಯಮ್ಮ" ಎಂದರು. ನಾನು ಅಳಬಾರದೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ, ಅಳಲಿಲ್ಲ. ಮಾಡಿದ್ದನ್ನು ಹೇಳಿದೆ. ಕೇಳದೇ ತೆಗೆದೆ, ತಪ್ಪಾಯಿತು, ಈಗ ಕಿತ್ತುಹಾಕಿದ್ದೇನೆ, ಇನ್ನು ಯಾರೂ ನೋಡುವುದಿಲ್ಲ ಎಂದೆ.

ಅವರು ಕೇಳಿದರು: "ಅವನು ಯಾರಮ್ಮ, ಪಿಕ್ಚರ್‌ನಲ್ಲಿ ಹೊಲೀತಿದ್ನಲ್ಲ?"

"ಕೃಷ್ಣಯ್ಯ ಅಂತ, ಚಾಚಾ. ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವ್ರು."

"ಅದೇ ಅಂದ್ಕೊಂಡೆ. ಹೊಲಿಗೆಯವನಲ್ಲ. ನಮ್ಮನೆಯವ್ಳಿಗೆ ಗೊತ್ತಿತ್ತು ಅಂತ ನಂಗೆ ಗೊತ್ತಾಗಿದ್ದು ಅಲ್ಲೇ. ಮೂರು ದಿನ ಅನ್ನ ಇಳೀಲಿಲ್ಲ. ಆಮೇಲೆ ಯೋಚ್ನೆ ಮಾಡ್ದೆ. ಗೊತ್ತಿದ್ರೆ, ಮೇಲೆ ಮಲ್ಕೊಂಡು ಕೇಳಿಸ್ಕೊಂಡಿರ್ತಾಳೆ. ನಲವತ್ತು ವರ್ಷ ಈ ಮಷೀನ್ ತಲೆ ಮೇಲೇ ಮಲಗಿದ್ದೋಳು. ಫೋಮ್ ಹೊಲೀತಿದೀನಾ ರೆಕ್ಸಿನ್ ಹೊಲೀತಿದೀನಾ ಅಂತ ಸದ್ದಲ್ಲೇ ಹೇಳೋಳು."

ನಾನು ತಲೆ ಆಡಿಸಿದೆ. ಏನು ಹೇಳುತ್ತಿದ್ದಾರೆಂದು ನನಗಿನ್ನೂ ತಿಳಿದಿರಲಿಲ್ಲ.

"ನಾನು ಹಿಡಿಕೆಗೆಲ್ಲ ಎರಡು ಹೊಲಿಗೆ ಹಾಕ್ದೆ. ಒಂದು ಸಲ ಹೋಗಿ, ಅದರ ಮೇಲೇ ಇನ್ನೊಂದು ಸಲ. ಭಾರ ಹೊರೋದಲ್ವಾ. ಆರು ಹಿಡಿಕೆ, ಹನ್ನೆರಡು ಸಲ. ಎರಡನೇ ಸಲ ಮಷೀನ್ ನಿಧಾನ ಹೋಗುತ್ತೆ, ಸದ್ದು ದಪ್ಪ ಆಗುತ್ತೆ. ಅದನ್ನ ಅವ್ಳು ಕೇಳಿರ್ತಾಳೆ. ಬೀಳಲ್ಲ ನಾನು ಅಂತ ಗೊತ್ತಾಗಿರುತ್ತೆ ಅವ್ಳಿಗೆ." ಆಮೇಲೆ ನನ್ನನ್ನು ನೆಟ್ಟಗೆ ನೋಡಿದರು. "ನಿನ್ ಕಂಡಕ್ಟರು ಒಂದೇ ಸಲ ಹೊಲಿದು ಎದ್ದುಬಿಟ್ಟ. ನೀನೂ ನಿಲ್ಲಿಸ್ಬಿಟ್ಟೆ. ಆ ಪಿಕ್ಚರ್‌ನಲ್ಲಿ ಮೇಲೆ ಮಲಗಿರೋ ಹೆಂಗ್ಸು ಏನಮ್ಮ ಕೇಳಿಸ್ಕೊಂಡ್ಳು? ಒಂಟಿ ಹೊಲಿಗೆ. ಹೆದರ್ಕೊಂಡೇ ಹೋದ್ಲು ಅವ್ಳು."

ರಿಯಾಜ್, ಜಗತ್ತಿನ ಮುಂದೆಲ್ಲ ಹೇಳಿಕೊಂಡು ಬಂದಿದ್ದೇನೆ, ಕೆಲಸ ಮುಗಿಯುವ ತನಕ ನಾನು ಕ್ಯಾಮೆರಾ ನಿಲ್ಲಿಸುವವಳಲ್ಲ ಎಂದು. ಅಲ್ಲಿ ಕೆಲಸ ಅರ್ಧವೂ ಆಗಿರಲಿಲ್ಲ. ಕೃಷ್ಣಯ್ಯ ಎದ್ದರು, ನಾನು ಕಟ್ ಅಂದೆ. ನೀನು ಇದ್ದಿದ್ದರೆ ನಿಲ್ಲಿಸುತ್ತಿರಲಿಲ್ಲ. ಒಂದು ಮಾತು ನಿನ್ನನ್ನು ಕೇಳಿದ್ದರೆ ಸಾಕಿತ್ತು. ಕದ್ದ ದೃಶ್ಯವನ್ನು ಅರ್ಧವೇ ಕದ್ದೆ, ಆ ಅರ್ಧವನ್ನೇ ನನ್ನ ಜೀವಮಾನದ ಕೆಲಸ ಎಂದು ಹೊತ್ತು ತಿರುಗಿದೆ. ಬಸ್ಸಿನಲ್ಲಿ ಬರುತ್ತಾ ನಾಚಿಕೆಯಿಂದ ಹೆಬ್ಬಾಳದಲ್ಲೇ ಇಳಿದು, ಅಲ್ಲಿಂದ ಮನೆಯವರೆಗೆ ನಡೆದೆ. ಬಿಸಿಲು, ಧೂಳು, ಪಕ್ಕದಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು. ಎಲ್ಲೂ ನಿಲ್ಲಲಾಗಲಿಲ್ಲ.

ಹೊರಡುವಾಗ ಚಾಚಾ ಹೇಳಿದ್ದು ಇಷ್ಟು: "ತೆಗೆದುಹಾಕಿದ್ಯಲ್ಲ, ಒಳ್ಳೇದಾಯ್ತು. ಸುಳ್ಳಿತ್ತು ಅದ್ರಲ್ಲಿ." ಮತ್ತೆ ಬಾ ಎಂದೇನೂ ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ನಾನು ಅರ್ಧ ಕುಡಿದಿಟ್ಟ ಲೋಟವನ್ನು ಅವರೇ ಎತ್ತಿಕೊಂಡು ಹೋಟೆಲಿಗೆ ಕೊಡಲು ರಸ್ತೆ ದಾಟಿದರು. ಮಂಡಿ ನೋವಿನವರ ಹಾಗೆ ನಡೆಯಲಿಲ್ಲ.

ನಾಲ್ಕನೆಯದರ ವಿಷಯ ಇನ್ನು ಎತ್ತುವುದಿಲ್ಲ.

ಸಂಯುಕ್ತಾ


ಸುಲ್ತಾನ್‌ಪಾಳ್ಯ
1 ಏಪ್ರಿಲ್ 2025

ಡೈರೆಕ್ಟ್ರೇ,

ನೀನು ಹೋಗಿದ್ದು ಗೊತ್ತಾದಾಗ ಸಿಟ್ಟು ಬಂತು. ಬರಬೇಡ ಎಂದರೆ ಬರುವುದು ನಿನ್ನ ಜಾತಕದಲ್ಲೇ ಇದೆ. ಬೈಯಲೆಂದು ಕೂತರೆ ನಡುವೆ ಹಬ್ಬ ಬಂತು. ನಿನ್ನೆ ಈದ್ ಮುಗಿಯಿತು. ನಿನಗೆ ಸೇರಬೇಕಾದ ಸೇವಿಗೆಯನ್ನು ನಾನೇ ತಿಂದೆ.

ಅಬ್ಬಾ ನಿನ್ನ ಹತ್ತಿರ ಆಡಿದ ಮಾತು ಒಂದನ್ನೂ ನನ್ನ ಹತ್ತಿರ ಆಡಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದು, ಅವರು ನೊಂದಿರುವುದು ಒಂದಕ್ಕೆ ಎಂದು ನಾನು ತಿಳಿದಿದ್ದೆ, ಅವರು ನೊಂದಿದ್ದು ಇನ್ನೊಂದಕ್ಕೆ. ನಾನೂ ಕೇಳಿರಲಿಲ್ಲ. ನೀನು ನನ್ನನ್ನು ಕೇಳಲಿಲ್ಲ ಎಂದು ಸಿಟ್ಟಾಗಿದ್ದೆನಲ್ಲ, ಅದಕ್ಕೆ ಈ ಮಾತು.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನಾನು ಮೇಲೆ ಅಮ್ಮಿಯ ಕೋಣೆಯಲ್ಲಿದ್ದೆ. ಅವರ ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೇವೆ. ಆ ಜಾಗದಲ್ಲಿ ಲೆನ್ಸುಗಳ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಕೆಳಗೆ ಮಷೀನಿನ ಸದ್ದು ಕೇಳಿಸಿತು. ಮೊದಲು ನಂಬಲಿಲ್ಲ, ಪಕ್ಕದ ಅಂಗಡಿಯದು ಅಂದುಕೊಂಡೆ. ಆಮೇಲೆ ನೆಲಕ್ಕೆ ಕೈ ಇಟ್ಟೆ, ನಡುಗುತ್ತಿತ್ತು.

ಇಳಿದು ನೋಡಬೇಕು ಎನ್ನಿಸಿತು. ಎದ್ದೂ ನಿಂತೆ. ಆದರೆ ಇಳಿಯಲಿಲ್ಲ. ಅಮ್ಮಿ ಮಲಗುತ್ತಿದ್ದ ಜಾಗದಲ್ಲಿ, ನೆಲದ ಮೇಲೇ ಮಲಗಿದೆ. ಆಟೋ ಸೀಟೋ ಮತ್ತೊಂದೋ ಗೊತ್ತಾಗಲಿಲ್ಲ. ಅಮ್ಮಿಯ ಕಿವಿ ನನಗೆ ಬಂದಿಲ್ಲ. ಒಂದು ಉದ್ದಕ್ಕೆ ಮಷೀನ್ ಓಡಿತು. ನಿಂತಿತು. ಮುಗಿಯಿತು ಅಂದುಕೊಂಡೆ. ನಾನೂ ನಿನ್ನ ಹಾಗೇ, ನೋಡು.

ಆಮೇಲೆ ಅದೇ ದಾರಿಯಲ್ಲಿ ಮತ್ತೆ ಹೊರಟಿತು. ನಿಧಾನಕ್ಕೆ, ದಪ್ಪ ಸದ್ದಿನಲ್ಲಿ. ಬೆನ್ನಿನ ಕೆಳಗೆ ನೆಲ ನಡುಗುತ್ತಿತ್ತು. ಅಮ್ಮಿ ಹೆದರಿರಲಿಲ್ಲ, ಸಂಯುಕ್ತಾ. ಅವರು ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತೆಂದು ನನಗೆ ಆಗ ಅರ್ಥವಾಗಿರಲಿಲ್ಲ, ಅದಕ್ಕೇ ಪತ್ರದಲ್ಲಿ ಬರೆದಿರಲಿಲ್ಲ. ನಗುತ್ತಿದ್ದರು. ಸೂರು ನೋಡುತ್ತಾ, ಕೆಳಗಿನ ಸದ್ದು ಕೇಳುತ್ತಾ, ಗಂಡ ಒಳ್ಳೆಯ ಕೆಲಸಗಾರ ಎಂದು ನಗುತ್ತಿದ್ದರು.

ಅಬ್ಬಾ ಈಗ ಊಟಕ್ಕೆ ಮೇಲೆ ಬಂದಾಗ, "ಆ ಹುಡ್ಗಿ ಟೀ ಪೂರ್ತಿ ಕುಡೀಲಿಲ್ಲ ಅವತ್ತು" ಎಂದರು. ಭಾನುವಾರ ಬಾ. ಕ್ಯಾಮೆರಾ ಬೇಡ, ನಾನೂ ನನ್ನದನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ.

ಅದೇ ನೀಲಿ ಗೆರೆಯ ಪ್ಯಾಡಿನಲ್ಲೇ ಬರೆದಿದ್ದೇನೆ. ಮೇಲೆ ನಂಬರ್ ಹಾಕಿಲ್ಲ. ಲಕೋಟೆ ಅಂಟಿಸುವ ಮುಂಚೆ ಎರಡು ಸಲ ನೋಡಿಕೊಂಡೆ.

ನಿನ್ನ
ರಿಯಾಜ್